ಕಪ್ಪು ಚೀಲ, ಮೂರು ಗಾಜಿನ ಕುಪ್ಪಿ: ಮನೆಯಲ್ಲಿಟ್ಟುಕೊಂಡ ನಲೋಕ್ಸೋನ್ ಕಿಟ್ ಬಗ್ಗೆ

ನಮ್ಮ ಅಡುಗೆಮನೆ ಬಾಗಿಲ ಪಕ್ಕ ಒಂದು ಮೊಳೆ ಇದೆ. ಮೊದಲು ಅಲ್ಲಿ ಊರಿಂದ ತಂದ ಕ್ಯಾಲೆಂಡರ್ ತೂಗುತ್ತಿತ್ತು. ಈಗ ಕ್ಯಾಲೆಂಡರ್ ಆಚೆ ಗೋಡೆಗೆ ಹೋಗಿದೆ. ಈ ಮೊಳೆಗೆ ಒಂದು ಕಪ್ಪು ಜಿಪ್ ಚೀಲ ಬಂದಿದೆ. ಕನ್ನಡಕದ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಮನೆಗೆ ಬಂದವರು "ಶುಗರ್ ನೋಡ್ಕೊಳ್ಳೋದಾ?" ಅಂತ ಕೇಳುತ್ತಾರೆ. ಅಲ್ಲ, ನಲೋಕ್ಸೋನ್ ಕಿಟ್ ಅನ್ನುತ್ತೇನೆ. ಅರ್ಧ ಜನ ಹಾಗಂದ್ರೇನು ಅಂತ ಕೇಳುತ್ತಾರೆ. ಹೆರಾಯಿನ್ ಥರದ ಡ್ರಗ್ಸ್ ಜಾಸ್ತಿಯಾಗಿ ಉಸಿರು ನಿಲ್ಲುತ್ತಿರುವವರನ್ನು ಉಳಿಸುವ ಔಷಧಿ ಅದು. ಗೊತ್ತಿರುವ ಇನ್ನರ್ಧ ಜನ ಮಾತು ಬದಲಿಸುತ್ತಾರೆ. ಈ ಎರಡು ಬಗೆಯವರಿಗೂ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ, ವ್ಯಾಂಕೂವರ್ ಪಕ್ಕದ ಸರ್ರೆಯಲ್ಲಿ. ನಾನು ವಯಸ್ಸಾದವರ ಕೇರ್ ಹೋಮ್ ಒಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ನಮ್ಮನೆಯವರು ಟ್ರಕ್ ಓಡಿಸುತ್ತಾರೆ. ವಾರದಲ್ಲಿ ನಾಲ್ಕು ರಾತ್ರಿ ಆಲ್ಬರ್ಟಾ ಕಡೆ ಇರುತ್ತಾರೆ. ಮನೆ ಸಾಲ ತೀರಿಸಬೇಕಲ್ಲ, ಕೆಳಗಿನ ಬೇಸ್‌ಮೆಂಟ್ ಬಾಡಿಗೆಗೆ ಕೊಟ್ಟಿದ್ದೇವೆ. ಅಲ್ಲಿರುವ ಹುಡುಗ ನಮ್ಮ ದೇಶದವನೇ. ಮನೆ ಕಟ್ಟುವ ಕೆಲಸಕ್ಕೆ ಹೋಗುತ್ತಾನೆ. ಅವನ ಊರು, ಭಾಷೆ ಯಾವುದನ್ನೂ ಬರೆಯುವುದಿಲ್ಲ. ಇಷ್ಟು ಬರೆಯುವುದಕ್ಕೂ ಅವನನ್ನು ಕೇಳಿಕೊಂಡೇ ಕೂತಿದ್ದೇನೆ.

ಮೊದಲು ಚೀಲದೊಳಗೆ ಏನಿದೆ ಅಂತ ಹೇಳಿಬಿಡುತ್ತೇನೆ. ನಲೋಕ್ಸೋನ್ ಔಷಧಿಯ ಮೂರು ಪುಟ್ಟ ಗಾಜಿನ ಕುಪ್ಪಿಗಳು. ಒಂದೊಂದರಲ್ಲಿ ಒಂದು ಎಂಎಲ್, ಅಂದರೆ 0.4 ಮಿಲಿಗ್ರಾಂ ಔಷಧಿ. ಮೂರು ಸಿರಿಂಜ್. ಕುಪ್ಪಿಯ ಕತ್ತು ಮುರಿಯುವುದಕ್ಕೆ ಪ್ಲಾಸ್ಟಿಕ್ಕಿನ ಸಣ್ಣ ಟೋಪಿಗಳು. ಒಂದು ಜೊತೆ ಕೈಗವಸು. ಸ್ಪಿರಿಟ್ ಒರೆಸುವ ಚೀಟಿಗಳು. ಬಾಯಿಗೆ ಬಾಯಿಟ್ಟು ಉಸಿರು ಕೊಡುವಾಗ ನಡುವೆ ಹಾಕಿಕೊಳ್ಳುವ ಒಂದು ತೆಳು ಹಾಳೆ. ಮತ್ತೆ ಏನು ಮಾಡಬೇಕು ಅಂತ ಹೇಳುವ ಕಾಗದ. ದುಡ್ಡು ಕೊಡಬೇಕಾಗಿಲ್ಲ. ತಾನು ಡ್ರಗ್ಸ್ ತೆಗೆದುಕೊಳ್ಳುವವರಿಗೂ, ಅಂಥವರ ಜೊತೆ ಇರುವವರಿಗೂ ಈ ಪ್ರಾಂತ್ಯದಲ್ಲಿ ಪುಕ್ಕಟೆ ಸಿಗುತ್ತದೆ. ಈ ಯೋಜನೆ ಶುರುವಾಗಿದ್ದು 2012ರಲ್ಲಿ. 2017ರ ಕೊನೆಯಿಂದ ಸಾಮಾನ್ಯ ಫಾರ್ಮಸಿಗಳಲ್ಲೂ ಕೊಡುತ್ತಿದ್ದಾರೆ.

ಔಷಧಿ ಕೆಲಸ ಮಾಡುವ ರೀತಿ ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಹೆರಾಯಿನ್, ಅದಕ್ಕಿಂತ ಜೋರಾದ ಫೆಂಟನಿಲ್, ನೋವಿಗೆ ಕೊಡುವ ಮಾರ್ಫಿನ್ ಇವೆಲ್ಲ ಮೆದುಳಿನಲ್ಲಿ ಒಂದೇ ಜಾಗದಲ್ಲಿ ಹೋಗಿ ಕೂರುತ್ತವೆ. ಜಾಸ್ತಿಯಾದರೆ ಉಸಿರಾಡಬೇಕು ಅನ್ನುವುದೇ ಮೆದುಳಿಗೆ ಮರೆತುಹೋಗುತ್ತದೆ. ನಲೋಕ್ಸೋನ್ ಬಂದು ಅವನ್ನು ಆ ಜಾಗದಿಂದ ಎಬ್ಬಿಸಿ, ತಾನು ಕೂತುಬಿಡುತ್ತದೆ. ಆಗ ಉಸಿರು ಬರುತ್ತದೆ. ಆದರೆ ಅದು ಅಲ್ಲಿ ಕೂರುವುದು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮಾತ್ರ. ಆಮೇಲೆ ಮೊದಲಿನದು ಮತ್ತೆ ಬಂದು ಕೂರಬಹುದು. ಅದಕ್ಕೇ ಸೂಜಿ ಕೊಟ್ಟ ಮೇಲೂ ಆಂಬ್ಯುಲೆನ್ಸ್ ಬೇಕೇ ಬೇಕು.

ಇಲ್ಲಿ ಇದು ಯಾಕೆ ಇಷ್ಟು ಬೇಕಾಗಿದೆ ಅಂದರೆ, 2016ರ ಏಪ್ರಿಲ್ 14ರಂದು ಈ ಪ್ರಾಂತ್ಯದಲ್ಲಿ ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಿದರು. ಬೀದಿಯಲ್ಲಿ ಸಿಗುವ ಮಾಲಿನಲ್ಲಿ ಫೆಂಟನಿಲ್ ಸೇರಿಕೊಂಡು ಜನ ಸಾಯುತ್ತಿದ್ದರು. 2024ರಲ್ಲಿ, ಸಂಖ್ಯೆ ಇಳಿದಿದೆ ಅಂತ ಹೇಳಿದ ವರ್ಷದಲ್ಲೂ, 2,200ಕ್ಕಿಂತ ಹೆಚ್ಚು ಜನ ಹೋದರು. ದಿನಕ್ಕೆ ಆರು ಜನ. ಇವರಲ್ಲಿ ಹೆಚ್ಚಿನವರು ರಸ್ತೆ ಬದಿಯಲ್ಲಿ ಸತ್ತವರಲ್ಲ. ನಾಲ್ಕು ಗೋಡೆ ಒಳಗೆ, ಬಾಗಿಲು ಹಾಕಿಕೊಂಡು ಸತ್ತವರು. ನಮ್ಮ ಮನೆಯಂಥ ಮನೆಗಳು, ನಮ್ಮ ಬೇಸ್‌ಮೆಂಟಿನಂಥ ಬೇಸ್‌ಮೆಂಟುಗಳು.

ಕೆಳಗಿನ ಹುಡುಗ ಡ್ರಗ್ಸ್ ತೆಗೆದುಕೊಳ್ಳುತ್ತಾನೆ ಅಂತ ನನಗೆ ಗೊತ್ತಾಗಿದ್ದು 2022ರ ದೀಪಾವಳಿ ಹಿಂದೆ ಮುಂದೆ. ಬಟ್ಟೆ ಒಗೆಯುವ ಮಿಷನ್ ಕೆಳಗಡೆ ಇದೆ. ಅದರ ಹಿಂದೆ ಕಾಲುಚೀಲ ಬಿದ್ದಿತ್ತು ಅಂತ ಬಗ್ಗಿದೆ. ಮಡಚಿದ ಅಲ್ಯೂಮಿನಿಯಂ ಫಾಯಿಲ್ ಸಿಕ್ಕಿತು. ಚಪಾತಿ ಸುತ್ತುವಂಥದ್ದೇ. ನಡುವೆ ಕಪ್ಪಗೆ ಸುಟ್ಟ ಗೆರೆ. ಪಕ್ಕದಲ್ಲಿ ಪೆನ್ನಿನ ಖಾಲಿ ಕೊಳವೆ. ಇಲ್ಲಿ ಜನ ಈಗ ಚುಚ್ಚಿಕೊಳ್ಳುವುದಕ್ಕಿಂತ ಜಾಸ್ತಿ ಹೀಗೆ ಹೊಗೆ ಎಳೆಯುತ್ತಾರೆ ಅಂತ ಕೆಲಸದ ಜಾಗದಲ್ಲಿ ಕೇಳಿದ್ದೆ.

ಫೋನಿನಲ್ಲಿ ನಮ್ಮನೆಯವರು "ಈ ತಿಂಗಳೇ ಖಾಲಿ ಮಾಡ್ಸು" ಅಂದರು. ಅವರದೂ ತಪ್ಪಲ್ಲ. ಭಯ ಅಂದರೆ ಭಯವೇ. ನಾನೂ ಹೂಂ ಅಂದೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ತಮ್ಮ ನೆನಪಾದ.

ನನ್ನ ತಮ್ಮನ ಕಥೆ ಬೇರೆ, ಕುಡಿತದ್ದು. ಚನ್ನಗಿರಿ ಕಡೆ ನಮ್ಮ ಅಪ್ಪನ ಅಡಿಕೆ ತೋಟ. ತಮ್ಮ ಅಲ್ಲೇ ಇದ್ದ. ಒಳ್ಳೆ ಕೆಲಸಗಾರ. ಕೊನೆಕೊನೆಗೆ ಬೆಳಗ್ಗೆ ಎದ್ದರೆ ಕೈ ನಡುಗುತ್ತಿತ್ತು, ಒಂದು ಕ್ವಾರ್ಟರ್ ಒಳಗೆ ಹೋದರೇನೇ ನಿಲ್ಲುತ್ತಿತ್ತು. 2013ರಲ್ಲಿ ನಾನು ಊರಿಗೆ ಹೋದಾಗ ಅಪ್ಪ, ಚಿಕ್ಕಪ್ಪ, ನಾನು ಸೇರಿ ಒಂದು ಖಾಸಗಿ ಮದ್ಯವ್ಯಸನ ಬಿಡಿಸುವ ಕೇಂದ್ರಕ್ಕೆ ಫೋನ್ ಮಾಡಿದೆವು. ಅವರು ಹೇಳಿಕೊಟ್ಟ ಹಾಗೇ ಮಾಡಿದೆವು. "ಮದುವೆಗೆ ಹೋಗೋಣ, ಒಳ್ಳೆ ಶರ್ಟ್ ಹಾಕ್ಕೋ" ಅಂತ ನಾನೇ ಹೇಳಿದೆ. ಇಸ್ತ್ರಿ ಮಾಡಿಕೊಟ್ಟವಳೂ ನಾನೇ. ಬಸ್ ಸ್ಟ್ಯಾಂಡ್ ಹತ್ತಿರ ಅವರ ವ್ಯಾನ್ ನಿಂತಿತ್ತು. ಮೂರು ಜನ ಹಿಡಿದು ಹತ್ತಿಸಿಕೊಂಡರು. ಅವನು ಕೂಗಲಿಲ್ಲ. ನನ್ನ ಮುಖ ನೋಡಿದ, ಅಷ್ಟೆ.

ಒಳಗೆ ಡಾಕ್ಟರ್ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ವರ್ಷಗಟ್ಟಲೆ ದಿನಾ ಕುಡಿದವರಿಗೆ ಒಂದೇ ಸಲ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹತ್ತಬಹುದು, ಪ್ರಾಣವೇ ಹೋಗಬಹುದು. ಡಾಕ್ಟರ್ ನೋಡಿಕೊಂಡು ಮಾತ್ರೆ ಕೊಟ್ಟು, ವಿಟಮಿನ್ ಬಿ1 ಕೊಟ್ಟು ನಿಧಾನಕ್ಕೆ ಇಳಿಸಬೇಕು. ನನಗೆ ಆಗ ಇದ್ಯಾವುದೂ ಗೊತ್ತಿರಲಿಲ್ಲ. ಎರಡನೇ ದಿನ ಅವನಿಗೆ ಫಿಟ್ಸ್ ಬಂತು. ನೆಲಕ್ಕೆ ಬಿದ್ದು ಹಲ್ಲು ಮುರಿಯಿತು. ಮೂರು ತಿಂಗಳು ನಮಗೆ ಫೋನ್ ಕೊಡಲಿಲ್ಲ. ಬಂದ ಮೇಲೆ ನಾಲ್ಕು ತಿಂಗಳು ಕುಡಿಯಲಿಲ್ಲ. ಐದನೇ ತಿಂಗಳು ಶುರು ಮಾಡಿದ. ಆದರೆ ಈ ಸಲ ಒಬ್ಬರಿಗೂ ಹೇಳಲಿಲ್ಲ, ಒಬ್ಬರಿಗೂ ಕಾಣಿಸಲಿಲ್ಲ. ಮೊದಲು ಅಮ್ಮನಿಗಾದರೂ "ಇವತ್ತು ಜಾಸ್ತಿಯಾಯ್ತಮ್ಮ" ಅನ್ನುತ್ತಿದ್ದ. ಆಮೇಲೆ ಅದೂ ಇಲ್ಲ. ತೋಟದ ಪಂಪ್‌ಸೆಟ್ ಮನೆಯಲ್ಲಿ ಒಳಗಿಂದ ಚಿಲಕ ಹಾಕಿಕೊಂಡು ಕುಡಿಯುತ್ತಿದ್ದ. 2015ರ ಮಳೆಗಾಲದಲ್ಲಿ ಅಲ್ಲೇ ಹೋಗಿಬಿಟ್ಟ. ಬಾಗಿಲು ಒಡೆದು ನೋಡಬೇಕಾಯಿತು.

ನಲೋಕ್ಸೋನ್ ಅವನನ್ನು ಉಳಿಸುತ್ತಿರಲಿಲ್ಲ. ಇದು ಹೆಂಡಕ್ಕೆ ಕೆಲಸ ಮಾಡುವ ಔಷಧಿಯಲ್ಲ. ನನಗೆ ಕಾಡುವುದು ಆ ಚಿಲಕ. ಆ ಚಿಲಕ ಹಾಕಿಸಿದ್ದು ನಾವು. ಇಸ್ತ್ರಿ ಮಾಡಿದ ಆ ಶರ್ಟು ಹಾಕಿಸಿದ್ದು.

ಹಾಗಾಗಿ ಮಾರನೇ ದಿನ ಒಂದು ಡಬ್ಬಿಯಲ್ಲಿ ಅನ್ನ, ಇನ್ನೊಂದರಲ್ಲಿ ತಿಳಿಸಾರು ತೆಗೆದುಕೊಂಡು ಕೆಳಗೆ ಹೋದೆ. ಫಾಯಿಲ್ ಸಿಕ್ಕಿತು ಅಂತ ಹೇಳಿದೆ. "ಮನೆ ಬಿಡಿಸಲ್ಲ, ನಿಮ್ಮ ಮನೆಗೆ ಫೋನ್ ಮಾಡಲ್ಲ. ನನ್ನ ಹತ್ರ ಸುಳ್ಳು ಮಾತ್ರ ಹೇಳ್ಬೇಡ" ಅಂದೆ. ಅವನು ತುಂಬಾ ಹೊತ್ತು ಡಬ್ಬಿ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತಿದ್ದ. ಆಮೇಲೆ ಹೇಳಿದ. ಏಣಿಯಿಂದ ಬಿದ್ದು ಸೊಂಟ ಪೆಟ್ಟಾಗಿತ್ತು. ಡಾಕ್ಟರ್ ಬರೆದ ನೋವಿನ ಮಾತ್ರೆ ಮುಗಿಯಿತು, ನೋವು ಮುಗಿಯಲಿಲ್ಲ. ಸೈಟಿನಲ್ಲಿ ಜೊತೆಗಿದ್ದವನೊಬ್ಬ ಮಾತ್ರೆ ಕೊಟ್ಟ. ಅದು ಸಿಗದಾಗ "ಡೌನ್" ಕೊಟ್ಟ. ಇಲ್ಲಿ ಫೆಂಟನಿಲ್ ಬೆರೆತ ಮಾಲಿಗೆ ಹಾಗನ್ನುತ್ತಾರೆ. "ಆಂಟಿ, ಖುಷಿಗೆ ಅಲ್ಲ. ತಗೊಳ್ದೇ ಇದ್ರೆ ಕೆಲಸಕ್ಕೆ ಏಳೋಕಾಗಲ್ಲ" ಅಂದ. ನಮ್ಮಿಬ್ಬರ ಮಾತು ನಡೆಯುವುದು ಹಿಂದಿಯಲ್ಲಿ. "ಆಂಟಿ" ಮಾತ್ರ ಎಲ್ಲ ಭಾಷೆಗೂ ಒಂದೇ ಅಲ್ವಾ.

ಕಿಟ್ ತರುವುದಕ್ಕೆ ಫಾರ್ಮಸಿಗೆ ಹೋಗುವಾಗ ಬೇಕಂತಲೇ ನಮ್ಮ ಏರಿಯಾ ಬಿಟ್ಟು ದೂರದ್ದು ಹುಡುಕಿದೆ. ನಮ್ಮವರು ಯಾರಾದರೂ ನೋಡಿದರೆ ಅಂತ. ಕೌಂಟರ್ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಅಲ್ಲಿದ್ದ ಹುಡುಗಿ ಕೆಮ್ಮಿನ ಔಷಧಿ ಕೇಳಿದಷ್ಟೇ ಸಲೀಸಾಗಿ "ಬನ್ನಿ" ಅಂತ ಪಕ್ಕದ ಸಣ್ಣ ಕೋಣೆಗೆ ಕರೆದುಕೊಂಡು ಹೋದಳು. ನಿಮಗಾ, ಅಥವಾ ಬೇರೆಯವರಿಗೆ ಬೇಕಾಗಬಹುದಾ ಅಂತ ಒಂದೇ ಪ್ರಶ್ನೆ. ಹೆಸರು ಕೇಳಲಿಲ್ಲ. ಯಾರಿಗೆ ಅಂತಲೂ ಕೇಳಲಿಲ್ಲ. ಹದಿನೈದು ನಿಮಿಷ ಕೂತು ಹೇಳಿಕೊಟ್ಟಳು. ಕೊನೆಗೆ "ನೀವು ಬಂದಿದ್ದು ಒಳ್ಳೇದಾಯ್ತು" ಅಂದಳು. ಈ ಸೇವೆಗೆ ಅಂಕ ಕೊಡಿ ಅಂದರೆ ನಾನು ಈ ಒಂದು ಮಾತಿಗೇ ಪೂರ್ತಿ ಕೊಡುತ್ತೇನೆ. ಅಪರಾಧಿ ಥರ ಒಳಗೆ ಹೋದವಳು ಬೆನ್ನು ನೆಟ್ಟಗೆ ಮಾಡಿಕೊಂಡು ಹೊರಗೆ ಬಂದೆ.

ಒಳಗಿರುವ ಕಾಗದದಲ್ಲಿ ಆರು ಹೆಜ್ಜೆ ಇವೆ. ಇಂಗ್ಲಿಷ್ ಅಕ್ಷರ ಜೋಡಿಸಿ "ಸೇವ್ ಮಿ" ಅಂತ ನೆನಪಿಟ್ಟುಕೊಳ್ಳುವ ಹಾಗೆ ಮಾಡಿದ್ದಾರೆ. ನನಗೆ ಗಾಬರಿಯಲ್ಲಿ ಇಂಗ್ಲಿಷ್ ಓಡುವುದಿಲ್ಲ. ಮನೆಗೆ ಬಂದು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಚೀಲದೊಳಗೆ ಇಟ್ಟೆ. "ಕೂಗು. ಉಗುರು ಅದುಮು. ಏಳದಿದ್ದರೆ 911. ಬಾಯೊಳಗೆ ಏನಾದರೂ ಇದೆಯಾ ನೋಡು. ತಲೆ ಹಿಂದಕ್ಕೆ, ಮೂಗು ಮುಚ್ಚು. ಐದು ಸೆಕೆಂಡಿಗೆ ಒಂದು ಉಸಿರು. ತೊಡೆಗೆ ಸೂಜಿ. ಉಸಿರು ಕೊಡ್ತಾನೇ ಇರು. ಮೂರು ನಿಮಿಷಕ್ಕೂ ಉಸಿರು ಬರದಿದ್ದರೆ ಇನ್ನೊಂದು ಸೂಜಿ." ಇಷ್ಟೇ. 911 ಅಂದರೆ ಇಲ್ಲಿ ಆಂಬ್ಯುಲೆನ್ಸ್ ಕರೆಯುವ ನಂಬರ್. ನಿಮಗೆ ಬೇಕಾದರೆ ಹೀಗೇ ಬರೆದಿಟ್ಟುಕೊಳ್ಳಿ.

ಹುಡುಗನಿಗೂ ನನಗೂ ಒಂದು ಒಪ್ಪಂದವಾಯಿತು. ತೆಗೆದುಕೊಳ್ಳುವ ಮುಂಚೆ ಒಂದು ಮೆಸೇಜ್ ಹಾಕುತ್ತಾನೆ. ಬರೀ ಒಂದು ಚುಕ್ಕೆ. ಹದಿನೈದು ನಿಮಿಷಕ್ಕೆ ಇನ್ನೊಂದು ಚುಕ್ಕೆ. ಬಾಗಿಲು ಹಾಕಿಕೊಳ್ಳಬಹುದು, ಚಿಲಕ ಹಾಕುವ ಹಾಗಿಲ್ಲ. ಹೊಸಬರ ಹತ್ತಿರ ತಂದ ಮಾಲಾದರೆ ಮೊದಲು ಸ್ವಲ್ಪವೇ ನೋಡಬೇಕು. ಇದನ್ನೆಲ್ಲ ನಾನೇ ಹುಟ್ಟಿಸಿದ್ದಲ್ಲ. ಒಬ್ಬರೇ ತಗೋಬೇಡಿ, ಕಡಿಮೆಯಿಂದ ಶುರು ಮಾಡಿ, ಹತ್ತಿರ ಯಾರಾದರೂ ಇರಲಿ ಅಂತ ಆ ಫಾರ್ಮಸಿ ಹುಡುಗಿಯೇ ಹೇಳಿದ್ದು. ನಮ್ಮನೆಯವರಿಗೆ ಇದು ಇಷ್ಟವಾಗಲಿಲ್ಲ. "ನೀನು ಕಾವಲು ಕೂತು ತಗೊಳ್ಳೋಕೆ ಬಿಡ್ತೀಯಾ?" ಅಂದರು. ನಾನು ಕೂತರೂ, ಕೂರದಿದ್ದರೂ ಅವನು ತೆಗೆದುಕೊಳ್ಳುತ್ತಾನೆ ಅಂದೆ.

2023ರ ಫೆಬ್ರವರಿ. ಶನಿವಾರ ರಾತ್ರಿ. ನಮ್ಮನೆಯವರು ಕ್ಯಾಲ್ಗರಿಯಲ್ಲಿದ್ದರು. 10 ಗಂಟೆ 20 ನಿಮಿಷಕ್ಕೆ ಮೊದಲ ಚುಕ್ಕೆ ಬಂತು. ನಾನು ಮಾರನೇ ದಿನದ ದೋಸೆಗೆ ಹಿಟ್ಟು ರುಬ್ಬುತ್ತಿದ್ದೆ. 10 ಗಂಟೆ 35 ಆಯಿತು. ಚುಕ್ಕೆ ಇಲ್ಲ. ಫೋನ್ ಮಾಡಿದೆ. ಕೆಳಗಡೆ ರಿಂಗ್ ಆಗುವುದು ನನಗೇ ಕೇಳಿಸಿತು. ಯಾರೂ ಎತ್ತಲಿಲ್ಲ. ಮೊಳೆಯಿಂದ ಚೀಲ ಕಿತ್ತುಕೊಂಡು ಓಡಿದೆ.

ಚಿಲಕ ಹಾಕಿರಲಿಲ್ಲ.

ಮಂಚಕ್ಕೆ ಒರಗಿ ನೆಲದ ಮೇಲೆ ಕೂತ ಹಾಗೇ ಇದ್ದ. ತಲೆ ಎದೆ ಮೇಲೆ ಬಿದ್ದಿತ್ತು. ಗಂಟಲಿನಿಂದ ಗೊರಗೊರ ಸದ್ದು. ಗೊರಕೆ ಅಂದುಕೊಂಡು ಬಿಟ್ಟುಬಿಡುವಂಥ ಸದ್ದು. ದಯವಿಟ್ಟು ಇದನ್ನು ನೆನಪಿಡಿ, ಅದು ಗೊರಕೆಯಲ್ಲ. ತುಟಿ ನೇರಳೆ ಹಣ್ಣು ತಿಂದವರ ಹಾಗೆ. ಉಗುರು ಬೂದಿ ಬಣ್ಣ. ಹೆಸರು ಹಿಡಿದು ಕೂಗಿದೆ. ಉಗುರಿನ ಮೇಲೆ ಪೆನ್ನಿಟ್ಟು ಅದುಮಿದೆ. ಏನೂ ಇಲ್ಲ. 911 ಒತ್ತಿ ಸ್ಪೀಕರ್ ಹಾಕಿ ನೆಲದ ಮೇಲೆ ಇಟ್ಟೆ. ಎಳೆದು ಅಂಗಾತ ಮಲಗಿಸಿದೆ. ಆ ತೆಳು ಹಾಳೆ ಮುಖದ ಮೇಲೆ ಹಾಕಿ ಉಸಿರು ಊದಿದೆ. ಎದೆ ಮೇಲಕ್ಕೆ ಬಂತು. ಫೋನಿನಲ್ಲಿದ್ದ ಹೆಂಗಸು ನನ್ನ ಜೊತೆ ಒಂದು, ಎರಡು, ಮೂರು ಅಂತ ಎಣಿಸುತ್ತಿದ್ದಳು. ನನ್ನ ಕೈ ತುಂಬ ದೋಸೆ ಹಿಟ್ಟು. ಕೈಗವಸು ಹಾಕುವುದಕ್ಕೂ ಆಗಲಿಲ್ಲ, ಜಾರುತ್ತಿತ್ತು.

ಮೊದಲನೇ ಕುಪ್ಪಿ ಕೈ ಜಾರಿ ಮಂಚದ ಕೆಳಗೆ ಉರುಳಿಹೋಯಿತು. ಎರಡನೆಯದು ತೆಗೆದೆ. ಔಷಧಿ ಮೇಲಿನ ಕತ್ತಿನಲ್ಲಿ ಸಿಕ್ಕಿಕೊಂಡಿರುತ್ತದೆ, ಒಂದು ಸುತ್ತು ತಿರುಗಿಸಿದರೆ ಕೆಳಗಿಳಿಯುತ್ತದೆ. ಟೋಪಿ ಹಾಕಿ, ನನ್ನಿಂದ ಆಚೆ ಕಡೆಗೆ ಮುರಿದೆ. ಟಕ್ ಅಂತ ಮುರಿಯಿತು. ಸಿರಿಂಜಿನಲ್ಲಿ ಎಳೆದುಕೊಂಡು ಪ್ಯಾಂಟಿನ ಮೇಲೇ ತೊಡೆಗೆ ನೆಟ್ಟಗೆ ಚುಚ್ಚಿದೆ. ಬಟ್ಟೆ ತೆಗೆಯಬೇಕಾಗಿಲ್ಲ. ಪೂರ್ತಿ ಒತ್ತಿದಾಗ ಕ್ಲಿಕ್ ಅಂತ ಸದ್ದಾಗಿ ಸೂಜಿ ತಾನೇ ಒಳಗೆ ಸೇರಿಕೊಂಡಿತು. ಇದನ್ನು ಮಾಡಿದವರು ಯಾರೋ, ಅವರಿಗೆ ಪುಣ್ಯ ಬರಲಿ. ಆ ಕತ್ತಲೆ, ಆ ಗಾಬರಿಯಲ್ಲಿ ಬರೀ ಸೂಜಿ ಎಲ್ಲಿಟ್ಟೆ ಅಂತ ನೋಡುವುದಕ್ಕೆ ಆಗುತ್ತಿರಲಿಲ್ಲ.

ಮತ್ತೆ ಉಸಿರು. ಐದು ಸೆಕೆಂಡಿಗೆ ಒಂದು. ಮೂರು ನಿಮಿಷ ಅಂದರೆ ಎಷ್ಟು ಉದ್ದ ಅಂತ ಅವತ್ತು ಗೊತ್ತಾಯಿತು. ಏಳಲಿಲ್ಲ. ಮೂರನೇ ಕುಪ್ಪಿ ಮುರಿದೆ. ಈ ಸಲ ಬೆರಳು ಸ್ವಲ್ಪ ಕೊಯ್ದುಕೊಂಡಿತು. ಎರಡನೇ ಸೂಜಿ ಕೊಟ್ಟು ಹತ್ತೋ ಹನ್ನೆರಡೋ ಉಸಿರು ಊದಿರಬೇಕು. ಅವನೇ ಒಂದು ಉಸಿರು ಎಳೆದ. ನೀರಿನಿಂದ ಮೇಲೆ ಬಂದವರು ಎಳೆಯುವ ಹಾಗೆ.

ಎದ್ದ ಕೂಡಲೇ ವಾಂತಿ ಮಾಡಿದ. ನನ್ನ ಮೇಲೆ ಸಿಟ್ಟಾದ. ಮೈಯೆಲ್ಲ ನಡುಕ, ಬೆವರು. ಇದನ್ನೂ ಫಾರ್ಮಸಿಯಲ್ಲಿ ಹೇಳಿದ್ದರು. ಔಷಧಿ ಒಂದೇ ಸಲಕ್ಕೆ ಎಲ್ಲ ಇಳಿಸಿಬಿಡುವುದರಿಂದ ಮೈ ತುಂಬಾ ಸಂಕಟಪಡುತ್ತದೆ. ಅವರು ಬೈದರೆ ಬೇಜಾರು ಮಾಡಿಕೊಳ್ಳಬಾರದು, ಮತ್ತೆ ತಗೊಳ್ಳೋದಕ್ಕೆ ಬಿಡದೆ ಜೊತೆಗೇ ಕೂರಬೇಕು. ಕೂತೆ. ಆಂಬ್ಯುಲೆನ್ಸಿನವರು ಬಂದರು. ಅವರಲ್ಲೊಬ್ಬರು ಮಂಡಿಯೂರಿ ಕೂತು, ಅವನ ಹೆಸರು ಕೇಳಿ, ಆ ಹೆಸರಿನಲ್ಲೇ ಮಾತಾಡಿಸಿದರು. ಪೊಲೀಸರು ಬರಲಿಲ್ಲ. ಅವನಿಗೆ ಇದ್ದ ದೊಡ್ಡ ಹೆದರಿಕೆ ಅದೇ. ವೀಸಾ ಹೋದರೆ? ಇಲ್ಲಿ 2017ರಿಂದ ಒಂದು ಕಾನೂನಿದೆ. ಓವರ್‌ಡೋಸ್ ಆದಾಗ 911ಗೆ ಫೋನ್ ಮಾಡಿದವರ ಮೇಲೂ, ಬಿದ್ದವರ ಮೇಲೂ, ಸ್ವಂತಕ್ಕೆ ಇಟ್ಟುಕೊಂಡ ಡ್ರಗ್ಸಿಗೆ ಕೇಸು ಹಾಕುವಂತಿಲ್ಲ. ಮಾರಾಟದ ಕೇಸಿಗೆ ಈ ರಕ್ಷೆ ಇಲ್ಲ. ನಮ್ಮ ಕಡೆಯ ಹುಡುಗರಿಗೆ ಇದು ಗೊತ್ತೇ ಇಲ್ಲ. ಫೋನ್ ಮಾಡುವುದಕ್ಕೆ ಹೆದರಿ ಗೆಳೆಯನನ್ನು ಬಿಟ್ಟು ಓಡುತ್ತಾರೆ. ಇದನ್ನು ಓದುತ್ತಿರುವವರ ಮಕ್ಕಳು ಇಲ್ಲಿ ಓದುತ್ತಿದ್ದರೆ ಈ ಒಂದು ವಿಷಯ ಅವರಿಗೆ ಹೇಳಿ.

ಈಗ ಕಿಟ್ಟಿನ ಕೊರತೆಗಳು. ಗಾಜಿನ ಕುಪ್ಪಿ ನನಗೆ ಇಷ್ಟವಾಗಲಿಲ್ಲ. ನಡುಗುವ ಕೈಗೆ ಅದು ತುಂಬಾ ಸಣ್ಣದು. ಒಂಟಾರಿಯೋದಲ್ಲಿರುವ ನನ್ನ ನಾದಿನಿಗೆ ಅಲ್ಲಿನ ಫಾರ್ಮಸಿಯಲ್ಲಿ ಮೂಗಿಗೆ ಹೊಡೆಯುವ ಸ್ಪ್ರೇ ಪುಕ್ಕಟೆ ಕೊಟ್ಟಿದ್ದಾರೆ. ಸೂಜಿ ಇಲ್ಲ, ಮುರಿಯುವುದಿಲ್ಲ, ಒಂದು ಸಲ ಒತ್ತಿದರೆ ಆಯಿತು. ಸೂಜಿ ಕಂಡರೆ ಹೆದರುವವರಿಗೆ ಅದೇ ಸರಿ. ನನಗೆ ಕೊಟ್ಟಿದ್ದು ಸೂಜಿಯದು. ಇನ್ನೊಂದು, ಇದನ್ನು ಕಾರಿನಲ್ಲಿ ಬಿಡುವ ಹಾಗಿಲ್ಲ. ಬಿಸಿಲಿಗೆ, ಹಿಮಕ್ಕೆ ಔಷಧಿ ಕೆಡಬಹುದು. ಕನ್ನಡದಲ್ಲಿ ಚೀಟಿ ಇಲ್ಲ ಅನ್ನುವುದು ದೂರಲ್ಲ, ಆದರೆ ನಮ್ಮ ಕೂಟದವರು ಯಾರಾದರೂ ಒಂದು ಪುಟ ಮಾಡಿಕೊಟ್ಟರೆ ನಾನು ಪ್ರಿಂಟ್ ಹಾಕಿಸುತ್ತೇನೆ.

ಇದಕ್ಕಿಂತ ದೊಡ್ಡದು ಒಂದಿದೆ. ಈಗ ಬೀದಿಯಲ್ಲಿ ಬರುವ ಮಾಲಿನಲ್ಲಿ ಫೆಂಟನಿಲ್ ಒಂದೇ ಇರುವುದಿಲ್ಲ. ನಿದ್ದೆ ಬರಿಸುವ ಔಷಧಿಗಳೂ, ಪ್ರಾಣಿಗಳಿಗೆ ಮಂಪರು ಬರಿಸುವ ಔಷಧಿಯೂ ಬೆರೆತಿರುತ್ತವೆ. ಅವಕ್ಕೆ ನಲೋಕ್ಸೋನ್ ನಾಟುವುದಿಲ್ಲ. ಸೂಜಿ ಕೊಟ್ಟ ಮೇಲೆ ಉಸಿರು ಸರಿಯಾದರೂ ಎಚ್ಚರವಾಗದೆ ಇರಬಹುದು. ಏಳಲಿಲ್ಲ ಅಂತ ಮೇಲಿಂದ ಮೇಲೆ ಸೂಜಿ ಚುಚ್ಚುವುದಲ್ಲ, ಉಸಿರು ಆಡುತ್ತಿದೆಯಾ ನೋಡಬೇಕು. ಆಡದಿದ್ದರೆ ಊದಬೇಕು. ಕಿಟ್ಟಿನಲ್ಲಿ ಎಲ್ಲಕ್ಕಿಂತ ಅಗ್ಗದ ಸಾಮಾನು ಆ ತೆಳು ಹಾಳೆ. ನನ್ನ ಲೆಕ್ಕದಲ್ಲಿ ಕುಪ್ಪಿಯಷ್ಟೇ ಬೆಲೆ ಅದಕ್ಕೂ ಇದೆ.

ಕನ್ನಡ ರಾಜ್ಯೋತ್ಸವದ ಊಟದಲ್ಲಿ ಇದನ್ನು ಒಂದಿಬ್ಬರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು. ಹೀಗೆ ಕಿಟ್ ಇಟ್ಟುಕೊಂಡರೆ ಹುಡುಗರಿಗೆ ಧೈರ್ಯ ಬಂದು ಜಾಸ್ತಿ ತಗೊಳ್ಳಲ್ವಾ? ನಾನು ಕಂಡಿದ್ದು ಹೇಳುತ್ತೇನೆ. ಆ ಸೂಜಿಯಿಂದ ಎದ್ದವನ ಮುಖ ನೋಡಿದ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಅದರಲ್ಲಿ ಅಮಲಿಲ್ಲ, ಸುಖವಿಲ್ಲ. ಅವನು ಮಾರನೇ ದಿನ "ಆಂಟಿ, ಅದೊಂದು ಮತ್ತೆ ಬೇಡ" ಅಂದ. ಹಾಗಂತ ಅವತ್ತೇ ಎಲ್ಲ ಬಿಟ್ಟನಾ? ಇಲ್ಲ. ನಾನು ಕೇಳಲೂ ಇಲ್ಲ. ಅವನೇ ಏಪ್ರಿಲ್‌ನಲ್ಲಿ ಬಂದು ಮಾತ್ರೆಯ ಕ್ಲಿನಿಕ್‌ಗೆ ಜೊತೆಗೆ ಬರ್ತೀರಾ ಅಂತ ಕೇಳಿದ. ಸುಬಾಕ್ಸೋನ್ ಅಂತ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ. ಅದರಲ್ಲಿರುವ ಬುಪ್ರೆನಾರ್ಫಿನ್ ಮೈಗೆ ಬೇಕಾದಷ್ಟು ಕೊಟ್ಟು ಸಂಕಟ ತಡೆಯುತ್ತದೆ, ಉಸಿರಿಗೆ ಅಷ್ಟು ಅಪಾಯವಿಲ್ಲ. ಫೆಂಟನಿಲ್ ಇನ್ನೂ ಮೈಯಲ್ಲಿರುವಾಗ ದೊಡ್ಡ ಡೋಸ್ ತೆಗೆದುಕೊಂಡರೆ ಒಮ್ಮೆಗೇ ಸಂಕಟವಾಗುತ್ತದೆ ಅಂತ ಚೂರು ಚೂರೇ ಏರಿಸುತ್ತಾ ಹೋದರು. ಏಳು ತಿಂಗಳು ನಡೆಯಿತು. ಒಮ್ಮೆ ತಪ್ಪಿತು, ಚುಕ್ಕೆಗಳು ಮತ್ತೆ ಬಂದವು. ಮತ್ತೆ ಕ್ಲಿನಿಕ್‌ಗೆ ಹೋದ. ತಪ್ಪಿದ್ದಕ್ಕೆ ಅಲ್ಲಿ ಯಾರೂ ಬಾಗಿಲು ಹಾಕಲಿಲ್ಲ. ಚುಕ್ಕೆ ಬಂದಾಗ ನನಗೆ ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಬಂತಲ್ಲ, ನನ್ನಿಂದ ಮುಚ್ಚಿಡಲಿಲ್ಲವಲ್ಲ ಅಂತ ಅದಕ್ಕಿಂತ ಜಾಸ್ತಿ ಸಮಾಧಾನವಾಯಿತು.

ಊರಲ್ಲಿ ಓದುತ್ತಿರುವವರಿಗೆ ಎರಡು ಮಾತು. ಇದೇ ಬುಪ್ರೆನಾರ್ಫಿನ್ ಭಾರತದಲ್ಲೂ ಸರ್ಕಾರಿ ಕೇಂದ್ರಗಳಲ್ಲಿ ಕೊಡುತ್ತಾರೆ. ಏಡ್ಸ್ ನಿಯಂತ್ರಣದ ನ್ಯಾಕೋ ಯೋಜನೆಯಡಿ, ಚುಚ್ಚಿಕೊಳ್ಳುವವರಿಗೆ ಸಾಮಾನ್ಯವಾಗಿ ದಿನಾ ಎದುರಿಗೇ ನಾಲಿಗೆ ಕೆಳಗೆ ಇಡಿಸುತ್ತಾರೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರವಿದೆ. 14446 ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. 14416ಕ್ಕೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಹೆಂಡ, ಡ್ರಗ್ಸಿನಿಂದ ಬರುವ ತೊಂದರೆಗೂ ಅನ್ವಯಿಸುತ್ತದೆ. ಸರಪಳಿ ಹಾಕುವಂತಿಲ್ಲ. 2019ರ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ, ಹೆಂಡಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ ಅಂತ ಬಂದಿತ್ತು. ಆ ಒಬ್ಬರಲ್ಲಿ ನನ್ನ ತಮ್ಮನಂಥವರನ್ನೂ ಸೇರಿಸಿದ್ದಾರೋ ಏನೋ. ವ್ಯಾನ್ ಕಳಿಸುತ್ತೇವೆ, ಮದುವೆ ಅಂತ ಹೇಳಿ ಕರೆತನ್ನಿ ಅನ್ನುವವರ ಮಾತು ಕೇಳಬೇಡಿ. ಒಳಗೆ ಡಾಕ್ಟರ್ ಇದ್ದಾರಾ, ನಿಮ್ಮವರ ಜೊತೆ ಫೋನಿನಲ್ಲಿ ಮಾತಾಡಿಸುತ್ತಾರಾ, ಇಷ್ಟು ಕೇಳಿ.

ಹೋದ ತಿಂಗಳು, ಆ ರಾತ್ರಿ ಆದ ಮೇಲೆ ತಂದಿಟ್ಟಿದ್ದ ಕಿಟ್ಟಿನ ಕುಪ್ಪಿಗಳ ಮೇಲಿನ ತಾರೀಕು ನೋಡಿದೆ. ಮುಗಿಯುತ್ತಾ ಬಂದಿತ್ತು. ಈ ಸಲ ನಮ್ಮ ಏರಿಯಾದ ಫಾರ್ಮಸಿಗೇ ಹೋದೆ. ಹೊಸದು ಕೊಟ್ಟರು. ಹಳೆಯದನ್ನು ಮುರಿದು ಅಭ್ಯಾಸ ಮಾಡಿಕೊಳ್ಳಿ ಅಂದರು. ಭಾನುವಾರ ಊಟ ಆದ ಮೇಲೆ ಟೇಬಲ್ ಮೇಲೆ ಪೇಪರ್ ಹಾಸಿ, ಮೂರು ಹಳೆ ಕುಪ್ಪಿ, ಒಂದು ಕಿತ್ತಳೆ ಹಣ್ಣು ಇಟ್ಟುಕೊಂಡು ಕೂತೆವು. ಹುಡುಗನೂ ಮೇಲೆ ಬಂದಿದ್ದ. ಅವನು ಒಂದು ಮುರಿದ, ನಾನು ಒಂದು ಮುರಿದೆ. ನಮ್ಮನೆಯವರು ಸುಮ್ನೆ ನೋಡುತ್ತಿದ್ದರು. ಆಮೇಲೆ ಕನ್ನಡಕ ಹಾಕಿಕೊಂಡು ಮೂರನೆಯದನ್ನು ಕೈಗೆ ತೆಗೆದುಕೊಂಡರು. "ಯಾವ ಕಡೆಗೆ ಮುರೀಬೇಕು?" ಅಂತ ಅವನನ್ನು ಕೇಳಿದರು. "ನಿಮ್ಮಿಂದ ಆಚೆಗೆ, ಅಂಕಲ್" ಅಂದ.